ಹನುಮಮ್ಮನ ಕೊಪ್ಪರಿಗೆ

ನಮ್ಮ ಬಡಾವಣೆಯ ಸಂಘದ ಅಧ್ಯಕ್ಷ ಪ್ರಭುಲಿಂಗ ಬಲು ಒಳ್ಳೆಯ ಮನುಷ್ಯ. ಯಾರನ್ನು ಬೇಕಾದರೂ ಕೇಳಿ, ಹಾಗೇ ಹೇಳುತ್ತಾರೆ. ಹೋದ ವರ್ಷದ ರಾಜ್ಯೋತ್ಸವದವರೆಗೆ ನಾನೂ ಹೇಳುತ್ತಿದ್ದೆ. ಈಗ ಆ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ.

ಚಿತ್ರದುರ್ಗದಿಂದ ಜೋಗಿಮಟ್ಟಿ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಹತ್ತಿರ ಈ ಬಡಾವಣೆ. ನಾನು ಮಂಗಳಾ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಗಂಡನಿಗೆ ಹಿರಿಯೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ಅವ್ವ ತೀರಿಕೊಂಡ ಮೇಲೆ ಅಪ್ಪ ರಂಗಯ್ಯನನ್ನು ಹೊಳಲ್ಕೆರೆಯಿಂದ ಕರೆತಂದು ಜೊತೆಗೆ ಇಟ್ಟುಕೊಂಡಿದ್ದೇನೆ. ಇಡೀ ಬಡಾವಣೆಯಲ್ಲಿ ಎಸ್ಸಿ ಮನೆ ನಮ್ಮದೊಂದೇ. ಸೈಟು ಕೊಳ್ಳುವಾಗ ಇದನ್ನು ಯಾರೂ ಎತ್ತಲಿಲ್ಲ. ಗೃಹಪ್ರವೇಶಕ್ಕೆ ಬಂದವರು ಮಾತ್ರ ನಗುನಗುತ್ತಲೇ ನಮ್ಮ ಊರು, ಮನೆದೇವರು, ನೆಂಟರೆಲ್ಲ ಯಾವ ಕಡೆಯವರು ಎಂದು ಕೇಳಿ ತಿಳಿದುಕೊಂಡು ಹೋದರು.

ಸಂಘದ ಬಗ್ಗೆ ಸುಳ್ಳು ಹೇಳಬಾರದು, ಕೆಲಸ ಮಾಡುತ್ತದೆ. ಯಾರ ಮನೆಯಲ್ಲಿ ಸಾವಾದರೂ ಹೆಣ ಇಡುವ ಫ್ರೀಜರ್ ಪೆಟ್ಟಿಗೆ ಹೇಳುವ ಮುಂಚೆಯೇ ಬಂದು ನಿಲ್ಲುತ್ತದೆ. ಬಿಪಿ, ಶುಗರ್ ನೋಡುವ ಕ್ಯಾಂಪು ನಡೆಯುತ್ತದೆ. ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯಲು ಯಾರಾದರೊಬ್ಬರು ಕಾರು ಕೊಡುತ್ತಾರೆ. ಪಾರ್ಕಿನ ಮೂಲೆಯ ಸ್ಟೋರ್ ರೂಮಿನಲ್ಲಿ ಶಾಮಿಯಾನ, ಕುರ್ಚಿ ಮತ್ತು ಒಂದು ಮದುವೆಗೆ ಸಾಲುವಷ್ಟು ಅಡಿಗೆ ಪಾತ್ರೆಗಳಿವೆ. ಆ ಪಾತ್ರೆಗಳನ್ನೆಲ್ಲ ಕೊಟ್ಟವರು ಇಲ್ಲಿಯವರೇ. ಮನೆಯಲ್ಲಿ ಹಿರಿಯರು ಹೋದರೆ ಅವರ ನೆನಪಿಗೆ ಒಂದು ಪಾತ್ರೆ ಕೊಡಿಸಿ, ಅದರ ಮೇಲೆ ಅವರ ಹೆಸರು ಕೆತ್ತಿಸುವುದು ಇಲ್ಲಿನ ರೂಢಿ. ಹೀಗಾಗಿ ಯಾರದೋ ಮನೆಯ ನಾಮಕರಣದ ಅನ್ನ ಇನ್ಯಾರದೋ ತಾಯಿಯ ಹೆಸರಿನಲ್ಲಿ ಬೇಯುತ್ತದೆ.

ಅಪ್ಪ ಈ ರೂಢಿಗೆ ಮನಸೋತುಬಿಟ್ಟ. ಅದಕ್ಕೆ ಕಾರಣವಿತ್ತು. ನಮ್ಮವ್ವ ಹನುಮಮ್ಮ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಕೆಲಸಕ್ಕೆ ಸೇರಿದಾಗ ಅವಳು ಮಾಡಿದ ಅನ್ನವನ್ನು ಮಕ್ಕಳು ಮುಟ್ಟಲಿಲ್ಲ. ಮನೆಗಳಲ್ಲಿ ಬೇಡವೆಂದು ಹೇಳಿ ಕಳಿಸಿದ್ದರು. ಗಲಾಟೆ ಆಗುವುದು ಬೇಡವೆಂದು ಹೆಡ್‌ಮಾಸ್ಟರು ಅವಳನ್ನು ಪಾತ್ರೆ ತೊಳೆಯುವುದಕ್ಕೆ ಹಾಕಿದರು. ಕೈಲಾಗುವ ತನಕ ಅವಳು ತೊಳೆಯುತ್ತಲೇ ಇದ್ದಳು. ಒಲೆಯ ಹತ್ತಿರ ಅವಳನ್ನು ಮತ್ತೆ ಯಾರೂ ಕರೆಯಲಿಲ್ಲ. ಮನೆಗೆ ಬಂದು ನಮಗೆ ಮುದ್ದೆ ತಿರುವುವಾಗಲೂ ಅವಳ ಬೆರಳ ಸಂದಿಯಲ್ಲಿ ಶಾಲೆಯ ಮಸಿ ಇರುತ್ತಿತ್ತು.

“ನೂರು ಜನಕ್ಕೆ ಅನ್ನ ಇಕ್ಬೇಕು ಅಂತಿದ್ಲು ನಿಮ್ಮವ್ವ,” ಎಂದ ಅಪ್ಪ ಒಂದು ದಿನ. “ಇದ್ದಾಗ ಆಗ್ಲಿಲ್ಲ. ಈಗ ಹೆಸರಾದ್ರೂ ಒಲೆ ಮೇಲೆ ಕುಂತ್ಕಳ್ಳಿ.”

ಅಪ್ಪ ಹೊಳಲ್ಕೆರೆ ಮಂಡಿಯಲ್ಲಿ ಮೂಟೆ ಹೊತ್ತವನು. ಕೂಡಿಟ್ಟಿದ್ದೆಲ್ಲ ತೆಗೆದು ಸಂತೆಪೇಟೆಯಲ್ಲಿ ತಾಮ್ರದ ಕೊಪ್ಪರಿಗೆ ಕೊಂಡ. ಒಳಗೆ ಕಲಾಯಿ ಹಾಕಿಸಿದ. ಹೊರಗೆ ‘ದಿವಂಗತ ಹನುಮಮ್ಮನ ನೆನಪಿಗೆ’ ಎಂದು ಕೆತ್ತಿಸಿದ. ಸಂಘದವರು ಅವನಿಗೆ ಶಾಲು ಹೊದಿಸಿ ಹಾರ ಹಾಕಿದರು. “ರಂಗಯ್ಯನವರದು ದೊಡ್ಡ ಮನಸ್ಸು” ಎಂದು ಪ್ರಭುಲಿಂಗ ಮೈಕಿನಲ್ಲಿ ಹೇಳಿದ. ತನಗಿಂತ ಎಷ್ಟೋ ಚಿಕ್ಕವನಾದ ಅವನಿಗೆ ಅಪ್ಪ “ಎಲ್ಲಾ ನಿಮ್ಮ ಆಶೀರ್ವಾದ ಸ್ವಾಮಿ” ಎಂದು ಕೈಮುಗಿದ. ಆಗಲೇ ನನಗೆ ಹಲ್ಲು ಕಡಿಯುವ ಹಾಗಾಗಿತ್ತು, ಆದರೆ ಅಪ್ಪನ ಖುಷಿ ಕಂಡು ಸುಮ್ಮನಾದೆ.

ಗಣಪತಿ ಹಬ್ಬಕ್ಕೆ ಊಟವಾಯಿತು, ದಸರಾಕ್ಕೂ ಆಯಿತು. ಎರಡೂ ಸಲ ಅಪ್ಪ ಮೊದಲ ತುತ್ತನ್ನು ಕಣ್ಣಿಗೆ ಒತ್ತಿಕೊಂಡು ತಿಂದ. “ನಿಮ್ಮವ್ವನ ಕೊಪ್ಪರಿಗೇದು, ಅನ್ನ ಎಷ್ಟು ಬಿಡಿಬಿಡಿಯಾಗೈತೆ ನೋಡು” ಎಂದ. ನಾನೂ ಹೂಂ ಎಂದೆ. ನೋಡಲು ಅಡಿಗೆಯ ಕಡೆಗೆ ನಾನು ಹೋಗಿಯೇ ಇರಲಿಲ್ಲ. ಬಡಾವಣೆಯ ಉಳಿದ ಹೆಂಗಸರಿಗೆಲ್ಲ ತರಕಾರಿ ಹೆಚ್ಚುವ, ಬಡಿಸುವ ಕೆಲಸ. ನನಗೆ ಪ್ರತಿ ಸಲವೂ ಮೈಕು. “ಮಂಗಳಾ ಮೇಡಂ ಥರ ನಿರೂಪಣೆ ಯಾರ್ ಮಾಡ್ತಾರೆ?” ಎಂದು ನೇತ್ರಾವತಿ ಹೊಗಳುತ್ತಿದ್ದಳು. ಪಕ್ಕದ ಮನೆಯವಳು, ಬಡಾವಣೆಯಲ್ಲಿ ನನಗಿದ್ದ ಒಬ್ಬಳೇ ಗೆಳತಿ. ನಾನು ಆ ಹೊಗಳಿಕೆಯನ್ನು ನಂಬಿ ಮೈಕು ಹಿಡಿದು ಹಿಗ್ಗುತ್ತಿದ್ದೆ.

ರಾಜ್ಯೋತ್ಸವದ ದಿನ ಬಾವುಟ ಹಾರಿಸಿದ್ದಾಯಿತು, ಮಕ್ಕಳ ಹಾಡು ಮುಗಿಯಿತು, ಪಾರ್ಕಿನಲ್ಲಿ ಮೊದಲ ಪಂಕ್ತಿ ಉಂಡು ಏಳತೊಡಗಿತು. ನನ್ನ ಗಂಟಲು ಒಣಗಿತ್ತು. ನೀರು ಕೇಳೋಣವೆಂದು ಶಾಮಿಯಾನದ ಹಿಂದೆ ಅಡಿಗೆ ನಡೆಯುತ್ತಿದ್ದ ಕಡೆಗೆ ಹೋದೆ. ಒಲೆಗಳ ಮೇಲೆ ಅಲ್ಯೂಮಿನಿಯಂ ಪಾತ್ರೆಗಳಿದ್ದವು. ನಮ್ಮ ಕೊಪ್ಪರಿಗೆ ಕಾಣಲಿಲ್ಲ. ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ಕೂಲಿಯವರು ಉಂಡ ಎಲೆಗಳನ್ನು ಮಡಿಸಿ ತಂದು ಎಸೆಯುತ್ತಿದ್ದರು. ಎಸೆಯುತ್ತಿದ್ದದ್ದು ನಮ್ಮ ಕೊಪ್ಪರಿಗೆಯೊಳಗೆ. ಅದರ ಅಂಚಿನಿಂದ ಸಾರು ಸುರಿದು ಅವ್ವನ ಹೆಸರಿನ ಮೇಲೆ ಇಳಿದಿತ್ತು.

ನಾನು ಕೂಗಿದೆ.

“ಯಾರ್ರೀ ಇದನ್ನ ಇಲ್ಲಿಟ್ಟಿದ್ದು?”

ಅಡಿಗೆಯ ಕನಕರಾಜ್ ಹೊಸದುರ್ಗದವನು, ಕೂಲಿಗೆ ಬಂದವನು. ಸೌಟು ಹಿಡಿದು ಎದ್ದು ನಿಂತ. “ನನಗೇನ್ ಗೊತ್ತು ಮೇಡಂ? ಗಣಪತಿ ಹಬ್ಬದಾಗೇ ಹೇಳಿದ್ರು, ಅದೊಂದನ್ನ ಒಲೆಗೆ ಏರಿಸಬ್ಯಾಡ, ಎಂಜಲೆಲೆಗೆ ಇಟ್ಕ ಅಂತ. ತೂತು ಬಿದ್ದಿರಬೇಕು ಅನ್ಕಂಡೆ.”

“ತೂತಿತ್ತಾ?”

“ಎಲ್ಲೈತೆ? ಗಟ್ಟಿಮುಟ್ಟಾಗೈತೆ.”

ಅಷ್ಟರಲ್ಲಿ ಪ್ರಭುಲಿಂಗ ಬಂದ. ಮುಖದಲ್ಲಿ ಅದೇ ನಗು. ಯಾರಿಗೂ ಕೇಳದ ಹಾಗೆ ಮೆತ್ತಗೆ ಮಾತಾಡಿದ. “ಬೇಜಾರ್ ಮಾಡ್ಕಬೇಡ್ರಿ ಮೇಡಂ. ನನಗೇನೂ ಇಲ್ಲ. ನಮ್ಮ ಮನೇಲಿ ನಾವು ಇಂಥವೆಲ್ಲ ನೋಡಲ್ಲ. ಆದ್ರೆ ಬಡಾವಣೆ ಅಂದ್ಮೇಲೆ ನಾಲ್ಕು ಥರದ ಜನ. ವಯಸ್ಸಾದ ಹೆಂಗಸರು ಅವ್ರೆ, ವ್ರತ ಪೂಜೆ ಅಂತಾರೆ. ಅವರ ಮನಸ್ಸೂ ನೋಯಬಾರದು, ನಿಮ್ಮ ಮನಸ್ಸೂ ನೋಯಬಾರದು. ಅದಕ್ಕೇ ಹೇಳದೇ ಹಿಂಗ್ ಹೊಂದಿಸಿದ್ವಿ.”

ಹೊಂದಿಸಿದರಂತೆ! ನಮ್ಮ ಮನಸ್ಸು ನೋಯಬಾರದೆಂದು ನಮ್ಮವ್ವನ ಹೆಸರಿನೊಳಗೆ ಎಂಜಲು ತುಂಬಿದರಂತೆ! ಆ ಹೆಡ್‌ಮಾಸ್ಟರಾದರೂ ಎದುರಿಗೇ ಹೇಳಿ ಪಾತ್ರೆ ತೊಳೆಯಲು ಹಾಕಿದ್ದ. ಇವನು ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಸಿ, ಆಮೇಲೆ ಈ ಕೆಲಸ ಮಾಡಿದ್ದ. ಕಪಾಳಕ್ಕೆ ಬಾರಿಸಬೇಕೆಂದು ನನ್ನ ಕೈ ನಿಜವಾಗಿಯೂ ಎದ್ದಿತ್ತು.

ನೇತ್ರಾವತಿ ಓಡಿ ಬಂದು ಆ ಕೈ ಹಿಡಿದುಕೊಂಡಳು. “ಬಿಡು ಮಂಗಳಾ, ಹಬ್ಬದ ದಿನ. ಮೈಕ್ ಹತ್ರ ಬಾ, ಎಲ್ಲಾ ಕಾಯ್ತಿದಾರೆ.”

“ನಿನಗೆ ಗೊತ್ತಿತ್ತಾ?”

ಅವಳು ಶಾಮಿಯಾನದ ಕಡೆಗೆ ನನ್ನನ್ನು ಎಳೆದಳು. ನಾನು ಅವಳ ಕೈ ಕಿತ್ತೆಸೆದೆ.

“ಕನಕರಾಜಣ್ಣ, ಎರಡನೇ ಪಂಕ್ತಿಗೆ ಅನ್ನ ಆಗೈತಾ?”

“ಇನ್ನೂ ಎಸರಿಡಬೇಕು ಮೇಡಂ.”

“ಇದರಲ್ಲೇ ಇಡ್ರಿ.”

ಅವನು ಪ್ರಭುಲಿಂಗನ ಮುಖ ನೋಡಿದ. ಪ್ರಭುಲಿಂಗ ಯಾರೋ ಕರೆದವರಂತೆ ಆಚೆ ತಿರುಗಿ ಹೋಗಿಬಿಟ್ಟ. “ತೊಳೆದು ಕೊಟ್ರೆ ಇಡ್ತೀನಿ, ನನಗೇನು?” ಎಂದ ಕನಕರಾಜ್.

ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಎಲೆಗಳನ್ನು ಬರಿಗೈಯಿಂದ ಎತ್ತಿ ನೆಲಕ್ಕೆ ಸುರಿದೆ. ಹುಣಸೆಹಣ್ಣು ಕೇಳಿ ಇಸಿದುಕೊಂಡು ನಲ್ಲಿಯ ಕೆಳಗೆ ಉಜ್ಜತೊಡಗಿದೆ. ಅಳು ಬರುತ್ತಿತ್ತು, ಸಿಟ್ಟಿಗೆ ಅದನ್ನೂ ಹಲ್ಲಲ್ಲಿ ಕಚ್ಚಿ ಹಿಡಿದೆ. ಹಿಂದೆ ಯಾರೋ ನಿಂತಂತಾಯಿತು. ನೋಡಿದರೆ ಅಪ್ಪ. ನನ್ನನ್ನು ಹುಡುಕಿಕೊಂಡು ಬಂದಿದ್ದ. ನೆಲದ ಮೇಲಿನ ಎಲೆಗಳನ್ನೂ, ಕೊಪ್ಪರಿಗೆಯನ್ನೂ, ನನ್ನನ್ನೂ ನೋಡಿದ. ಹೇಳುವುದಕ್ಕೆ ಬಾಯಿ ತೆರೆದೆ. ಅವನು ಬೇಡವೆಂದು ತಲೆಯಾಡಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಇನ್ನೊಂದು ಕಡೆಯಿಂದ ಉಜ್ಜಿದ. ಹೆಸರಿದ್ದ ಜಾಗವನ್ನು ಬಹಳ ಹೊತ್ತು ಉಜ್ಜಿದ.

ತೊಳೆದಾದ ಮೇಲೆ ಮೆಲ್ಲಗೆ, “ಮನೆಗೆ ತಗಂಡು ಹೋಗಾಣ ಬಾರವ್ವ,” ಎಂದ.

“ಹೋಗಲ್ಲ ಅಪ್ಪಾ. ಅನ್ನ ಆಗ್ಲಿ.”

ಆಯಿತು. ಕನಕರಾಜ್ ಎಸರಿಟ್ಟ, ಅಕ್ಕಿ ಹಾಕಿದ, ಒಳ್ಳೆಯ ಅನ್ನ ಮಾಡಿ ಇಳಿಸಿದ. ಅಷ್ಟು ಹೊತ್ತಿಗೆ ವಿಷಯ ಕುರ್ಚಿಯಿಂದ ಕುರ್ಚಿಗೆ ಹಬ್ಬಿತ್ತು. ಎರಡನೇ ಪಂಕ್ತಿಯವರು ಎಲೆ ಮುಂದೆ ಕೂತಿದ್ದರು, ಏಳಲು ನಾಚಿಕೆ. ಅಪ್ಪ ನನ್ನನ್ನು ಕೇಳದೆ ತಾನೇ ಅನ್ನದ ಬಕೆಟ್ಟು ಹಿಡಿದು ಸಾಲಿಗೆ ಇಳಿದ.

ಮೊದಲನೆಯವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು. “ಸಾಕು ರಂಗಯ್ಯನವರೇ, ಪಾಯಸದಲ್ಲೇ ಹೊಟ್ಟೆ ತುಂಬ್ತು.” ಪಾಯಸ ಇನ್ನೂ ಬಡಿಸಿರಲಿಲ್ಲ. ಎರಡನೆಯವರಿಗೆ ಶುಗರ್. ಮೂರನೆಯವರ ಮನೆಗೆ ನೆಂಟರು ಬಂದಿದ್ದರು, ಎದ್ದೇಬಿಟ್ಟರು. ಅದರಾಚೆಗೆ ಎಲೆಯ ಮೇಲೆ ಕೈ, ಕೈ, ಕೈ. ಯಾರೂ ಒರಟಾಗಿ ಮಾತಾಡಲಿಲ್ಲ. ಎಲ್ಲರೂ ನಗುತ್ತಲೇ ಇದ್ದರು. ಒಬ್ಬನಾದರೂ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅಪ್ಪ ಮಾತ್ರ ಒಂದು ಎಲೆಯನ್ನೂ ಬಿಡಲಿಲ್ಲ. ಪ್ರತಿಯೊಂದರ ಮುಂದೆಯೂ ಬಗ್ಗಿದ. “ಒಂಚೂರು ಹಾಕಿಸ್ಕಳ್ರಿ,” ಎಂದ. “ಒಂದು ಹಿಡಿ, ನನ್ನ ಹೆಂಡ್ತಿ ಹೆಸರಿಗೆ,” ಎಂದ. “ಬಾಯಿಗೆ ಹಾಕ್ಕಳ್ದಿದ್ರೂ ಪರವಾಗಿಲ್ಲ, ಎಲೆ ಮೇಲೆ ಇರ್ಲಿ,” ಎಂದ. ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಹೋಗಿ ಅವನ ಕೈಯಿಂದ ಸೌಟು ಕಿತ್ತುಕೊಂಡೆ.

“ಬೇಡ್ಕಬ್ಯಾಡ ಅಪ್ಪಾ! ಅನ್ನ ಇಕ್ಕೋನು ನೀನು. ನೀನ್ಯಾಕೆ ಬೇಡ್ಕಂತೀಯ?”

ನಾನು ಅಪ್ಪನ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು. ಇಡೀ ಪಾರ್ಕು ನೋಡುತ್ತಿತ್ತು. ಜನ ಒಬ್ಬೊಬ್ಬರಾಗಿ ಎದ್ದುಹೋಗಿ ಖಾಲಿಯಾಗಿದ್ದ ಸಾಲಿನಲ್ಲಿ ಅವನನ್ನು ಕೂರಿಸಿ, ಎಲೆ ತುಂಬ ಅನ್ನ ಬಡಿಸಿ ಸಾರು ಹಾಕಿದೆ. ಅಪ್ಪ ತಲೆ ತಗ್ಗಿಸಿಕೊಂಡು ಉಂಡ. ಆಚೆ ಕಡೆ ಮೂವರೋ ನಾಲ್ವರೋ ಕಾಲೇಜು ಹುಡುಗಿಯರು ತಟ್ಟೆ ತಂದು ಬಡಿಸಿಕೊಳ್ಳಲು ಹೊರಟರು. ಅವರ ತಾಯಂದಿರು ಕಣ್ಣಲ್ಲೇ ಗದರಿಸಿ ಕರೆದುಕೊಂಡರು.

ಆಗ ಪ್ರಭುಲಿಂಗ ಮತ್ತೆ ಬಂದ. ಹಿಂದೆ ಸಂಘದ ನಾಲ್ಕಾರು ಜನ.

“ಮೇಡಂ, ಇಷ್ಟು ಅನ್ನ ಹಾಳಾಗಬಾರದು. ಆಸ್ಪತ್ರೆ ಹತ್ರ ಕಳಿಸಿಬಿಡಾಣ. ರೋಗಿಗಳ ಕಡೆಯೋರು, ಪಾಪ, ಹಸ್ಕಂಡಿರ್ತಾರೆ. ಗಾಡಿ ನಾನೇ ಕೊಡ್ತೀನಿ. ನಿಮ್ಮ ತಾಯಿಗೂ ಪುಣ್ಯ.”

“ಕಳಿಸಲ್ಲ,” ಎಂದೆ. “ಹಸಿದೋರಿಗೆ ನಾನು ಬೇರೆ ಮಾಡಿ ಕಳಿಸ್ತೀನಿ. ಇದು ನಿಮಗೆ ಅಂತ ಮಾಡಿದ ಅನ್ನ. ಉಣ್ರಿ. ಇಲ್ಲಾ, ಯಾಕೆ ಉಣ್ಣಲ್ಲ ಅಂತ ಮೈಕಿನಲ್ಲಿ ಹೇಳ್ರಿ.”

ಅವನು ಸುತ್ತಲಿನವರ ಕಡೆ ನೋಡಿ ನಕ್ಕ. “ಮೇಡಂ ಸ್ವಲ್ಪ ಬೇಜಾರಲ್ಲಿದಾರೆ. ರಂಗಯ್ಯನವರೇ, ನೀವು ಹಿರಿಯರು. ಮಗಳಿಗೆ ನೀವಾದ್ರೂ ಒಂದು ಮಾತು ಹೇಳ್ರಿ.”

ಅಪ್ಪ ಎಲೆಯ ಮುಂದಿನಿಂದ ಎದ್ದ. ಕೈಯಲ್ಲಿ ಅನ್ನ ಅಂಟಿಕೊಂಡಿತ್ತು. ನೆಟ್ಟಗೆ ನಿಂತ. ಮೂಟೆ ಹೊತ್ತು ಬಾಗಿದ ಬೆನ್ನು ಅಷ್ಟು ನೆಟ್ಟಗಾದದ್ದನ್ನು ನಾನು ಕಂಡಿರಲಿಲ್ಲ.

“ಲೇ ಪ್ರಭುಲಿಂಗ,” ಎಂದ. “ಬಾರಲೇ, ಕುಂತ್ಕ. ನಾನೇ ಇಕ್ತೀನಿ, ಉಣ್ಣು.”

ಪ್ರಭುಲಿಂಗನ ನಗು ಹೋಯಿತು. ಎಂಜಲೆಲೆಯ ಮುಂದೆ ಹೋಗದಿದ್ದ ನಗು, ಒಬ್ಬ ಮುದುಕ ಹೆಂಡತಿಯ ಹೆಸರು ಹೇಳಿ ಬೇಡುತ್ತಿದ್ದಾಗಲೂ ಹೋಗದಿದ್ದ ನಗು, ಆ ಒಂದು ‘ಲೇ’ಗೆ ಹೋಯಿತು. ಕಿವಿಯವರೆಗೂ ಕೆಂಪಾದ.

“ಏನ್ರೀ ಇದು! ಮರ್ಯಾದೆ ಕೊಟ್ಟು ಮಾತಾಡ್ರಿ!”

ತಕ್ಷಣ ಎಲ್ಲರಿಗೂ ಸಿಟ್ಟು ಬಂತು. ಶುಗರ್ ಇದ್ದವರು ಓಡಿ ಬಂದರು, ಮನೆಗೆ ನೆಂಟರು ಬಂದವರು ಗೇಟಿನಿಂದ ವಾಪಸು ಬಂದರು. ಅಧ್ಯಕ್ಷರನ್ನು ಲೇ ಅನ್ನುವುದೇ? ಎಷ್ಟು ಸೊಕ್ಕು! ಇವರಿಗೆಲ್ಲ ಸಲುಗೆ ಕೊಟ್ಟಿದ್ದೇ ತಪ್ಪಾಯಿತು! ಇಷ್ಟು ದಿನ ನಗುವಿನ ಹಿಂದಿದ್ದದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು. ನೇತ್ರಾವತಿ ನನ್ನ ತೋಳು ಹಿಡಿದು, “ದೊಡ್ಡ ತಪ್ಪಾಯ್ತು ಮಂಗಳಾ, ಅಪ್ಪನ ಕೈಲಿ ಕ್ಷಮೆ ಕೇಳ್ಸು,” ಎಂದಳು.

ನಾನು ಕ್ಷಮೆ ಕೇಳಿಸಲಿಲ್ಲ. ಒಂದು ಹೊಸ ಎಲೆ ತೆಗೆದು, ನೀರು ಚಿಮುಕಿಸಿ ಒರೆಸಿ, ಪ್ರಭುಲಿಂಗನ ಕಾಲ ಮುಂದೆ ಹಾಸಿದೆ. ಅಪ್ಪನ ಕೈಗೆ ನೀರು ಹಾಕಿ ತೊಳೆಸಿ, ಸೌಟನ್ನು ವಾಪಸು ಕೊಟ್ಟೆ.

ಅಪ್ಪ ಆ ಎಲೆಯ ತುಂಬ ಅನ್ನ ಬಡಿಸಿದ. ಸುತ್ತ ಅಷ್ಟು ಜನ ಕೂಗುತ್ತಿದ್ದರೂ ಒಂದು ಅಗುಳನ್ನೂ ಆಚೆ ಚೆಲ್ಲಲಿಲ್ಲ.

“ಆರಿ ಹೋಗ್ತೈತೆ,” ಎಂದ. “ಕುಂತ್ಕಳಲೇ.”