ಬಂಡೆಯ ಬುಡದಲ್ಲಿಟ್ಟ ಬೂಟು

ಕೊಟ್ಟೂರಿನಲ್ಲಿ ನಮ್ಮದು ಚಪ್ಪಲಿ ಅಂಗಡಿ. ಮಾವನವರು ಹೋದ ಮೇಲೆ ಗಂಡ ಹತ್ತಿ ವ್ಯಾಪಾರ ಹಿಡಿದರು, ಅಂಗಡಿ ನನ್ನ ಕೊರಳಿಗೆ ಬಿತ್ತು. ಗಿರಾಕಿಗಳ ಮುಖ ಮರೆತರೂ ಪಾದ ಮರೆಯುವವಳಲ್ಲ ನಾನು. ದೆವ್ವ, ಗಾಳಿ ಅಂತ ಯಾರಾದರೂ ಶುರು ಹಚ್ಚಿಕೊಂಡರೆ ಎದ್ದು ಹೋಗಿ ಡಬ್ಬ ಜೋಡಿಸುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮಾಲಾ ಬಂದಾಗ ಅಂಗಡಿ ಖಾಲಿ ಇತ್ತು. ಕೂಡ್ಲಿಗಿ ಕಡೆಯ ಹಳ್ಳಿಯ ಹುಡುಗಿ. ಅವಳೂ ಅವಳ ಅಣ್ಣ ಓಬಳೇಶನೂ ಪಟ್ಟಣಗಳಿಂದ ಬರುವವರನ್ನು ಊರ ಹಿಂದಿನ ದೊಡ್ಡ ಬಂಡೆಗೆ ಹಗ್ಗ ಕಟ್ಟಿ ಹತ್ತಿಸುತ್ತಿದ್ದರು. ಓಬಳೇಶ ನನ್ನ ಖಾಯಂ ಗಿರಾಕಿ. ಎಂಥ ಬೂಟು ಕೊಟ್ಟರೂ ಲೇಸು ಕಟ್ಟುತ್ತಿರಲಿಲ್ಲ; ಅದರ ತುದಿ ನೆಲಕ್ಕೆ ತಟ್ಟಿಸಿಕೊಂಡೇ ನಡೆಯುವವನು. ಅವನು ಅಂಗಡಿ ಮೆಟ್ಟಿಲು ಹತ್ತಿದರೆ ತಲೆ ಎತ್ತದೆಯೂ ಗೊತ್ತಾಗುತ್ತಿತ್ತು. ಹೋದ ವರ್ಷ ಹಿಂಗಾರಿನ ತುಂತುರಿನಲ್ಲಿ ಅದೇ ಬಂಡೆಯಿಂದ ಬಿದ್ದು ಸತ್ತ.

"ಅಕ್ಕಾರ, ಹಗುರ ಬೂಟು ಬೇಕ್ರಿ," ಅಂದಳು ಮಾಲಾ. "ಹತ್ತುವಾಗ ಸೊಂಟಕ್ಕ ಕಟ್ಟಿಕೊಂಡು, ಇಳಿಯುವಾಗ ಕಾಲಿಗೆ ಹಾಕ್ಕೊಳ್ಳಂಥವು."

"ಎಲ್ಲಿಂದ ಇಳೀತಿ?"

"ಅಣ್ಣ ಇಳಿದ ಕಡಿಯಿಂದನ."

ನನಗೆ ಸಿಟ್ಟು ಬಂತು. ಒಂದು ಮನೆಗೆ ಒಂದು ಹೆಣ ಸಾಲದೇನು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಸ್ಟೂಲು ಎಳೆದು ಕೂರಿಸಿದೆ.

ಅವರ ಊರಿನಲ್ಲಿ ಜೇನು ಕೀಳುವವರ ಕಾಲದಿಂದ ಬಂದ ಒಂದು ಕಟ್ಟಳೆ ಇದೆ. ಬಂಡೆ ಹತ್ತುವವರು ಕಾಲಲ್ಲಿದ್ದದ್ದನ್ನು ಬುಡದಲ್ಲಿ ಬಿಡಬೇಕು, ಅದರ ಮೂತಿ ಊರ ಕಡೆಗಿರಬೇಕು. ಬಿಟ್ಟವರು ಬಂದು ತೊಡುವ ತನಕ ಇನ್ನೊಬ್ಬರು ಮುಟ್ಟುವಂತಿಲ್ಲ. ಓಬಳೇಶನೂ ಹಾಗೇ ಬಿಟ್ಟಿದ್ದ. ಹತ್ತಲು ಬೇರೆ ಬೂಟು ಇರುತ್ತದೆ, ಬೆರಳೆಲ್ಲ ಮುದುರಿಸಿ ಹಿಡಿಯುವಂಥದು. ಅದನ್ನು ಹಾಕಿಕೊಂಡು ನಡೆಯಲಾಗದು. ತುದಿ ಮುಟ್ಟಿದ ಮೇಲೆ ಅದನ್ನು ಬಿಚ್ಚಿ, ಹಿಂದಿನ ಇಳಿಜಾರಿನಲ್ಲಿ ಬರಿಗಾಲಲ್ಲಿ ಇಳಿದ. ಕಲ್ಲು ಒದ್ದೆಯಾಗಿತ್ತು. ಅಂಬುಲೆನ್ಸು ಹಿಂದಿನ ದಾರಿಯಲ್ಲೇ ಬಂದು ಒಯ್ದಿತು. ಬೂಟು ಮುಂದಿನ ಬುಡದಲ್ಲಿ ಹಾಗೇ ಉಳಿಯಿತು.

ಅವರವ್ವ ಕರಿಯಕ್ಕ ಅಂದಿನಿಂದ ಆ ಬೂಟಿನ ಪಕ್ಕದಲ್ಲಿ ಕೂತುಬಿಟ್ಟಿದ್ದಳು. ಮಳೆ ಬಂದರೆ ಅಲ್ಲೇ ಗವಿಯೊಳಗೆ ಸರಿಯುತ್ತಿದ್ದಳು, ಮನೆಗೆ ಬರುತ್ತಿರಲಿಲ್ಲ.

"ಹೆಣ ತಂದ್ರಿ, ನನ್ನ ಮಗನ್ನ ತರಲಿಲ್ಲ ಅಂತಾಳ್ರಿ," ಅಂದಳು ಮಾಲಾ. "ಯಾರರ ಹೋಗಿ, ಅವ ಇಳಿದ ದಾರಿಲೇ ಕರಕೊಂಡು ಬರ್ರಿ, ಆವಾಗ ಮನಿಗೆ ಬರ್ತೀನಿ ಅಂತಾಳ. ಎದಿ ತುಂಬ ಕೆಮ್ಮು ಐತಿ. ಡಾಕ್ಟರ್ ಹೇಳ್ಯಾರ, ಈ ಚಳಿ ಹೊರಗ ಕಳೆದ್ರ ಉಳಿಯಂಗಿಲ್ಲ ಅಂತ."

ಹಾಗಾಗಿ ಬೂಟು ಆರಿಸಲು ಕೂತೆವು. ಕಣಕಾಲು ಮುಚ್ಚುವ ದಪ್ಪ ಬೂಟನ್ನು ಅವಳು ಕೈಯಲ್ಲಿ ತೂಗಿ ನೋಡಿಯೇ ಕೆಳಗಿಟ್ಟಳು. ಸೊಂಟಕ್ಕೆ ಕಟ್ಟಿದರೆ ಹಿಂದಕ್ಕೆ ಜಗ್ಗುತ್ತದೆ. ಓಡುವವರ ಬೂಟು ಹಗುರ, ಆದರೆ ಅಡಿ ಮೆತ್ತಗೆ, ಸಣ್ಣ ಅಂಚಿನ ಮೇಲೆ ನಿಂತರೆ ಮಡಚುತ್ತದೆ. ಕೊನೆಗೆ ಹುಬ್ಬಳ್ಳಿಯಿಂದ ಒಂದು ಜೊತೆ ತರಿಸಿದೆ. ತೆಳುವಾದ, ಅಂಟುವ ರಬ್ಬರಿನ ಅಡಿ, ಬೆರಳ ಕೆಳಗೆ ಸಪಾಟು, ಕಲ್ಲಿಗೆ ಸವೆಯದಂತೆ ಮೂತಿಗೂ ರಬ್ಬರು, ಹಿಮ್ಮಡಿಗೆ ನೇತುಹಾಕಲು ಕುಣಿಕೆ. ಅದು ಬಂದ ದಿನ ಹಿತ್ತಿಲ ಒಗೆಯುವ ಕಲ್ಲನ್ನು ಓರೆಯಾಗಿ ಎತ್ತಿ, ಇಟ್ಟಿಗೆ ಕೊಟ್ಟು ನಿಲ್ಲಿಸಿ, ನೀರು ಸುರಿದು, ಅದರ ಮೇಲೆ ಅವಳನ್ನು ಇಳಿಮುಖವಾಗಿ ನಿಲ್ಲಿಸಿದೆ.

"ಹೆಬ್ಬೆರಳು ಮುಂದ ಬಡೀತೇನು?"

"ಇಲ್ರಿ."

"ಹಿಮ್ಮಡಿ ಏಳ್ತೈತೇನು?"

"ಇಲ್ರಿ. ಹಿಡಿದೈತಿ." ಆಮೇಲೆ ಸಣ್ಣ ದನಿಯಲ್ಲಿ ಅಂದಳು, "ಇಂಥವು ಅವನ ಸೊಂಟದಾಗ ಇದ್ದಿದ್ರ..."

ಹತ್ತುವ ದಿನ ನಾನೂ ಬರುತ್ತೇನೆ ಅಂದೆ. ನಾನು ಕೊಟ್ಟ ಬೂಟು ಜಾರದೆ ಬರುವುದನ್ನು ಕಣ್ಣಾರೆ ನೋಡದೆ ನನಗೆ ನಿದ್ದೆ ಬರುವಂತಿರಲಿಲ್ಲ.

ನಾವು ಹೋದಾಗ ಬಿಸಿಲು ಆಗಲೇ ಏರಿತ್ತು. ಓಬಳೇಶನ ಗೆಳೆಯ ದುರುಗಣ್ಣ ಹಗ್ಗ ಹಿಡಿಯಲು ಬಂದಿದ್ದ. ಕರಿಯಕ್ಕ ಬಂಡೆಗೆ ಒರಗಿ ಕೂತಿದ್ದಳು, ಬಡಕಲಾಗಿ, ಸೆರಗನ್ನು ಕಿವಿಗೆ ಸುತ್ತಿಕೊಂಡು. ಪಕ್ಕದಲ್ಲಿ ನನ್ನ ಅಂಗಡಿಯದೇ ಕಂದು ಬೂಟು. ಒಂದು ವರ್ಷದ ಮಳೆ ಬಿಸಿಲಿಗೆ ತೊಗಲು ಸೆಟೆದು ಬಿರುಕು ಬಿಡಬೇಕಿತ್ತು. ನೋಡಿದರೇ ಗೊತ್ತಾಗುವಷ್ಟು ಮೆತ್ತಗಿತ್ತು. ನಿನ್ನೆ ಮೊನ್ನೆ ಬಿಚ್ಚಿಟ್ಟ ಬೂಟು ಹಾಗಿರುತ್ತದೆ. ಕರಿಯಕ್ಕ ಎಣ್ಣೆ ಹಚ್ಚುತ್ತಿರಬೇಕು ಅಂದುಕೊಂಡೆ, ಆದರೆ ಮುಟ್ಟಬಾರದೆನ್ನುವವಳು ಹಚ್ಚುವುದು ಹೇಗೆ ಎಂದು ಮನಸ್ಸು ಕೊರೆಯಿತು.

ಮಾಲಾ ತನ್ನ ಹವಾಯಿ ಚಪ್ಪಲಿ ಬಿಟ್ಟು ಮೂತಿಯನ್ನು ಊರ ಕಡೆ ತಿರುಗಿಸಿದಳು. ಸೊಂಟದಲ್ಲಿ ತೂಗುವ ಹೊಸ ಬೂಟನ್ನು ಕರಿಯಕ್ಕ ನೋಡಿದಳು.

"ಎರಡು ಜೊತಿ ಯಾಕವ್ವ? ಒಬ್ಬಾಕಿ ಹೋಗಾಕಿ."

"ಕಟ್ಟಳಿಗೆ ಒಂದು, ಕಾಲಿಗೆ ಒಂದು," ಅಂದವಳೇ ಮಾಲಾ ಹತ್ತತೊಡಗಿದಳು.

ಅವಳು ತುದಿ ಮುಟ್ಟುವವರೆಗೆ ನಾನು ಅವಳ ಪಾದಗಳಿಂದ ಕಣ್ಣು ಕೀಳಲಿಲ್ಲ. ಮೇಲಿಂದ ಹಗ್ಗ ಬಿಚ್ಚಿ ಬಿಟ್ಟು ಕೂಗಿದಳು, "ಅವ್ವಾ, ಹಿಂದ್ಲಿಂದ ಇಳೀತೀನಿ."

ಕರಿಯಕ್ಕ ತಟ್ಟನೆ ನನ್ನ ಕೈ ಹಿಡಿದಳು.

"ಸುಕನ್ಯವ್ವ, ನನ್ನ ಮಗ ಆ ಕಡಿ ಇಳದಾನ. ಅವನ ಕಾಲಿನ ಕೆರ ಈ ಕಡಿ ಐತಿ."

"ಹೌದು ದೊಡ್ಡವ್ವ."

"ನಾ ಒಂದು ವರ್ಷ ಈ ಕಡಿ ಕುಂತೀನಿ. ಅವ ಆ ಕಡಿ ಹುಡುಕಾಡಾಕತ್ತಿದ್ರ?"

ಹಿಂದಿನ ಬದಿ ಒಣಗಿದ ಎಲೆಯ ಮೇಲೆ ಯಾರೋ ಸುತ್ತು ಹಾಕುವ ಸಪ್ಪಳ ಕೇಳುತ್ತದೆ ಅಂತ ಕುರಿ ಕಾಯುವವರು ಹೇಳುತ್ತಿದ್ದರು. ನಮ್ಮ ಕಡೆ ಕರಡಿಗೇನು ಕಡಿಮೆ ಅಂತ ನಾನು ನಕ್ಕಿದ್ದೆ. ಈಗ ನಗು ಬರಲಿಲ್ಲ. ಯಾರಿಗೂ ಮುಟ್ಟಗೊಡದ ಆ ಬೂಟನ್ನು ಕರಿಯಕ್ಕ ತಾನೇ ಎತ್ತಿ ಎದೆಗೆ ಅವಚಿಕೊಂಡಳು. ದುರುಗಣ್ಣನಿಗೆ ಹಗ್ಗ ಸುತ್ತಲು ಹೇಳಿ, ಮಾಲಾಳ ಚಪ್ಪಲಿಯನ್ನು ಅಲ್ಲೇ ಬಿಟ್ಟು, ಮುಳ್ಳಿನ ಪೊದೆ ಬಳಸಿ ನಾವು ಹಿಂದಕ್ಕೆ ಹೋದೆವು.

ಮಾಲಾ ಆಗಲೇ ಇಳಿಜಾರಿನ ನಡುವೆ ಇದ್ದಳು. ಮೊಣಕಾಲು ಬಗ್ಗಿಸಿ, ಪೂರ್ತಿ ಪಾದ ಊರಿ ಇಳಿಯುತ್ತಿದ್ದಳು. ರಬ್ಬರು ಕಲ್ಲಿಗೆ ಹಿಡಿಯುವ ಕಿರ್ ಸದ್ದು ಕೆಳಗಿನ ತನಕ ಕೇಳುತ್ತಿತ್ತು. ಅದರ ಹಿಂದೆ, ಒಂದು ಹೆಜ್ಜೆ ತಡವಾಗಿ, ಇನ್ನೊಂದು ಸದ್ದು. ಬರಿಗಾಲು ಬಂಡೆಗೆ ಬಡಿಯುವ ಸದ್ದು. ವರ್ಷಗಟ್ಟಲೆ ಪಾದ ನೋಡಿಕೊಂಡು ಬಂದವಳು ನಾನು, ಅದು ಬೇರೇನೋ ಸದ್ದೆಂದು ಹೇಗೆ ಹೇಳಲಿ? ಮಾಲಾಳ ಹಿಂದೆ ಬಂಡೆ ಖಾಲಿ ಇತ್ತು.

ಅವಳು ಕೆಳಗೆ ಬಂದು ನಿಂತಳು. ಹಿಂತಿರುಗದೆ ಕೇಳಿದಳು, "ಅಕ್ಕಾರ, ನನ್ನ ಹಿಂದ ಯಾರರ ಅದಾರೇನ್ರಿ?"

ಕರಿಯಕ್ಕ ಬಗ್ಗಿ, ಬೂಟನ್ನು ನೆಲಕ್ಕಿಟ್ಟು, ಲೇಸು ಸಡಿಲಿಸಿ, ಮೂತಿಯನ್ನು ಊರ ಕಡೆ ತಿರುಗಿಸಿದಳು. ಮಗಳ ಗಲ್ಲ ಸವರಿದಳು.

"ನಡೀರಿ ಮನಿಗೆ," ಅಂದಳು. "ಯಾರೂ ಹೊಳ್ಳಿ ನೋಡಬ್ಯಾಡ್ರಿ."

ನಡೆದೆವು. ಹೊಲದ ಬದುವಿನ ಮೇಲೆ ಏನೂ ಕೇಳಲಿಲ್ಲ, ನಾನು ಸಮಾಧಾನ ಮಾಡಿಕೊಂಡೆ. ಊರೊಳಗೆ ಸಿಮೆಂಟ್ ರಸ್ತೆ ಶುರುವಾದ ಮೇಲೆ ಕೇಳಿತು. ಹೆಜ್ಜೆಯ ಜೊತೆಗೆ ಲೇಸಿನ ತುದಿ ನೆಲಕ್ಕೆ ತಟ್ಟುವ ಸಣ್ಣ ಸದ್ದು. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಎಷ್ಟೋ ಸಲ ಕೇಳಿದ ಸದ್ದು. ಮಾಲಾ ನನ್ನ ಕೈ ಹಿಡಿದಳು. ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು.

ಕರಿಯಕ್ಕ ಒಂದು ವರ್ಷದ ಮೇಲೆ ತನ್ನ ಮನೆಯ ಹೊಸ್ತಿಲು ದಾಟಿದಳು. ಒಳಗಿನಿಂದ ಪಾತ್ರೆ ಸರಿಸುವ ಸದ್ದು ಬಂತು, ಆಮೇಲೆ ಅವಳ ದನಿ. ದಿನಾ ಕರೆಯುವ ದನಿ.

"ಓಬಳೇಶ, ಬೂಟು ಹೊರಗ ಬಿಟ್ಟು ಒಳಗ ಬಾ. ಕೈಕಾಲು ತೊಳ್ಕೊ."

ನನ್ನ ಬೆನ್ನ ಹಿಂದೆ ಲೇಸಿನ ಸದ್ದು ನಿಂತಿತು. ಬಾಗಿಲಿಗೆ ಅಡ್ಡ ನಿಂತವಳು ನಾನೇ. ಮಾಲಾಳನ್ನು ಎಳೆದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.