ಹೊನ್ನಾಳಿ ಫ್ಲೆಕ್ಸಿನಲ್ಲಿ ನನ್ನ ಕತ್ತು

ದಿನಕ್ಕೆ ಕಡಿಮೆಯೆಂದರೂ ಹತ್ತು ಕತ್ತು ಬಿಳಿ ಮಾಡುತ್ತೇನೆ. ಮುಖದ ಲೆಕ್ಕ ಬೇರೆ. ಕತ್ತನ್ನು ಮರೆತು ಮುಖವನ್ನಷ್ಟೇ ಬಿಳಿ ಮಾಡಿದರೆ ಒಬ್ಬರ ತಲೆಯನ್ನು ತಂದು ಇನ್ನೊಬ್ಬರ ಮೈಮೇಲೆ ಇಟ್ಟ ಹಾಗೆ ಕಾಣುತ್ತದೆ. ಅದು ಹೊಸಬರು ಮಾಡುವ ತಪ್ಪು. ನಾನು ಹೊಸಬಳಲ್ಲ. ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿರುವ ಜಂಪಣ್ಣನ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಐದು ವರ್ಷವಾಯಿತು. ಹುಟ್ಟುಹಬ್ಬದ ಶುಭಾಶಯ, ಗೃಹಪ್ರವೇಶ, ಶ್ರದ್ಧಾಂಜಲಿ, ಸೂರಗೊಂಡನಕೊಪ್ಪದ ಜಾತ್ರೆಗೆ ಹೊರಟ ಮಾಲಾಧಾರಿಗಳಿಗೆ ಸ್ವಾಗತ. ಬಿಳಿ ಮಾಡಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಒಂಚೂರು ಕ್ಲೀನ್ ಮಾಡ್ರಿ" ಎನ್ನುತ್ತಾರೆ. ಮಾಡದಿದ್ದರೆ ಫ್ಲೆಕ್ಸ್ ವಾಪಸ್ ಬರುತ್ತದೆ. ಸತ್ತವರನ್ನೂ ಬಿಳಿ ಮಾಡುತ್ತೇನೆ. ಅವರ ಮಕ್ಕಳು ನನ್ನ ಬೆನ್ನ ಹಿಂದೆ ನಿಂತು, ಅಪ್ಪ ಇದಕ್ಕಿಂತ ಬೆಳ್ಳಗಿದ್ದರು ಎಂದು ಸುಳ್ಳು ಹೇಳುತ್ತಾರೆ.

ನನ್ನ ಕತ್ತು ಕರಿ. ಮೈ ಗೋಧಿ ಬಣ್ಣ. ಕತ್ತು ಮಾತ್ರ ಹಿಂದೆ ಮುಂದೆ ಸುತ್ತಲೂ, ನೊಗ ಉಜ್ಜಿದ ಎತ್ತಿನ ಹೆಗಲಿನ ಹಾಗೆ, ಕಪ್ಪಗೆ ದಪ್ಪಗಾಗಿದೆ. ಕಂಕುಳೂ ಹಾಗೆಯೇ. ನಮ್ಮೂರು ಜಗಳೂರು ತಾಲ್ಲೂಕಿನ ಸೊಕ್ಕೆ. ಅಲ್ಲಿನ ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯರು ಬೋರ್ಡಿಗಿಂತ ಹೆಚ್ಚು ನನ್ನ ಕತ್ತನ್ನೇ ನೋಡಿಕೊಂಡು ಎಸ್ಸೆಸ್ಸೆಲ್ಸಿ ಮುಗಿಸಿದರು. ಕಳೆದ ವರ್ಷ ನನ್ನ ತೂಕ ತೊಂಬತ್ತೊಂದು ದಾಟಿದಾಗ ದಾವಣಗೆರೆಯ ಡಾಕ್ಟರೊಬ್ಬರಿಗೆ ತೋರಿಸಿದೆ. ಅವರು ಮುಖ ನೋಡದೆ ಕತ್ತಿಗೆ ಟಾರ್ಚ್ ಬಿಟ್ಟರು. ಇದು ಹೊರಗಿನದಲ್ಲ, ಒಳಗಿನದು, ಸಕ್ಕರೆ ಕಾಯಿಲೆಯ ಬಾಗಿಲಲ್ಲಿ ನಿಂತಿದ್ದೀಯ, ತೂಕ ಇಳಿಸಿದರೆ ಕಪ್ಪು ಕಡಿಮೆಯಾದರೂ ಆಗಬಹುದು ಎಂದರು.

ಆಗಬಹುದು ಎಂದವರು ಡಾಕ್ಟರು. ಆಗೇ ಆಗ್ತೈತೆ ಎಂದವಳು ಅನ್ನಪೂರ್ಣ ಮೇಡಂ. ನಮ್ಮ ಅಂಗಡಿಯ ಎದುರಿನ ಮಹಡಿಯಲ್ಲಿ ವೇಟ್ ಲಾಸ್ ಸೆಂಟರ್ ನಡೆಸುತ್ತಾಳೆ. ಎದುರಿಗೆ ರೀ ಹಚ್ಚುತ್ತೇನೆ. ಮನಸ್ಸಿನೊಳಗೆ ಅವಳು ಅವಳೇ. ಬೆಳಿಗ್ಗೆ ಆರಕ್ಕೆ ಎಲ್ಲರೂ ಸಾಲಾಗಿ ತೂಕದ ಮಿಷನ್ ಹತ್ತಬೇಕು. ಇಳಿದಿದ್ದರೆ ಚಪ್ಪಾಳೆ. ಏರಿದ್ದರೆ ಎಲ್ಲರೂ ಸೇರಿ "ಅಯ್ಯೋ" ಎನ್ನಬೇಕು, ಅದು ಅಲ್ಲಿನ ನಿಯಮ. ಆಮೇಲೆ ಬಾಳೆಹಣ್ಣಿನ ವಾಸನೆಯ ಪುಡಿ ಕಲಸಿದ ಒಂದು ಲೋಟ ನೀರು. "ಮೂರು ತಿಂಗ್ಳು ಕುಡಿ ನಾಗು, ಕತ್ತು ಹಾಲಿನಂಗೆ ಆಗ್ಲಿಲ್ಲಾಂದ್ರೆ ನನ್ನ ಹೆಸ್ರು ಬದಲಾಯಿಸು" ಎಂದಿದ್ದಳು. ಹನ್ನೊಂದು ತಿಂಗಳು ಕುಡಿದೆ. ಅವಳ ಹೆಸರು ಹಾಗೇ ಇದೆ.

ಇಪ್ಪತ್ಮೂರು ಕೆಜಿ ಇಳಿದೆ. ಹೊಟ್ಟೆ ಕರಗಿತು ಎನ್ನುತ್ತಾರೆ. ಅದು ಕರಗಲಿಲ್ಲ, ಕಾಳು ಸುರಿದ ಮೇಲಿನ ಚೀಲದ ಹಾಗೆ ಜೋತುಬಿತ್ತು. ಸೊಂಟದ ಸುತ್ತ ಬಿಳಿ ಗೀರು. ತೋಳು ಎತ್ತಿದರೆ ಚರ್ಮ ನನಗಿಂತ ಒಂದು ಕ್ಷಣ ತಡವಾಗಿ ಏಳುತ್ತದೆ. ಕತ್ತಿನದು ಎಲ್ಲಕ್ಕಿಂತ ದೊಡ್ಡ ಮೋಸ. ದಪ್ಪಗಿದ್ದಾಗ ಅರ್ಧ ಕಪ್ಪು ಚರ್ಮದ ಮಡಿಕೆಗಳೊಳಗೆ ಅಡಗಿರುತ್ತಿತ್ತು. ಈಗ ಅದಕ್ಕೆ ಅಡಗಲು ಜಾಗವಿಲ್ಲ, ಪೂರ್ತಿ ಹೊರಗೆ ಬಂದು ನಿಂತಿದೆ. ಮೊದಲು ಜನ "ಏನು ತಿಂತೀಯವ್ವಾ" ಎಂದು ಕೇಳುತ್ತಿದ್ದರು. ಈಗ ದನಿ ತಗ್ಗಿಸಿ "ಶುಗರ್ರಾ? ಟೀಬೀನಾ?" ಎನ್ನುತ್ತಾರೆ. ಎರಡನ್ನೂ ಒಂದೇ ಖುಷಿಯಿಂದ ಕೇಳುತ್ತಾರೆ.

ಸೋಮವಾರ ಮಧ್ಯಾಹ್ನ ಮೇಡಂ ಅಂಗಡಿಗೆ ಬಂದಳು.

"ಜಂಪಣ್ಣಾರೇ, ಗುರುವಾರ ಹೊನ್ನಾಳಿ ಬ್ರಾಂಚ್ ಓಪನಿಂಗು. ಹತ್ತು ಬೈ ಎಂಟು ಒಂದು ಫ್ಲೆಕ್ಸ್ ಆಗ್ಬೇಕು. ಫೋಟೋ ವಾಟ್ಸಾಪ್ ಮಾಡೀನಿ ನೋಡ್ರಿ."

ಜಂಪಣ್ಣ ನನ್ನ ಕಡೆ ನೋಡಿದ. ಫೋಟೋ ತೆರೆದೆ. ನಾನು. ಎರಡು ನಾನು. ಎಡಗಡೆ ಸೆಂಟರಿಗೆ ಸೇರಿದ ದಿನದವಳು, ಬಲಗಡೆ ಹೋದ ವಾರದವಳು. ಇಬ್ಬರೂ ಸೆಂಟರಿನ ಹಸಿರು ಟೀ ಶರ್ಟ್ ಹಾಕಿಕೊಂಡು, ಪೊಲೀಸರು ತಪಾಸಣೆಗೆ ನಿಲ್ಲಿಸಿದ ಹಾಗೆ ಕೈ ಅಗಲಿಸಿ ನಿಂತಿದ್ದೆವು.

"ಮೇಡಂ, ನನ್ನ ಕೇಳ್ಲೇ ಇಲ್ಲ ನೀವು."

"ಕೇಳೋದೇನೈತೆ? ಸೇರೋ ದಿನ ಫಾರಂಗೆ ಸೈನ್ ಹಾಕಿಲ್ವಾ? ಅದ್ರಾಗೇ ಐತೆ, ಓದ್ಕೋ."

"ನಂದು ಬ್ಯಾಡ. ಬೇರೆ ಯಾರ್ದಾದ್ರೂ ಹಾಕ್ರಿ."

"ಯಾರ್ದು ಹಾಕ್ಲಿ? ಚಿಕ್ಕಹನುಮಂತಪ್ಪ ಮೇಷ್ಟ್ರುದ್ದು ಹಾಕ್ಲಾ? ಆ ಮನ್ಷ ಎರಡು ಕೆಜಿ ಇಳಿಸಿ ಮೂರು ಕೆಜಿ ಏರಿಸ್ಕೊಂಡೈತೆ. ಇಪ್ಪತ್ಮೂರು ಇಳಿಸಿರೋಳು ನಮ್ಮ ಸೆಂಟರಾಗೆ ನೀನೊಬ್ಳೇ ಕಣೇ. ಇದೇ ಫ್ಲೆಕ್ಸು ಮುಂದಿನ ತಿಂಗ್ಳು ನ್ಯಾಮತಿಗೆ, ಅಲ್ಲಿಂದ ಜಗಳೂರಿಗೆ. ನಿಮ್ಮೂರ ಕಡೆಯೋರೂ ನೋಡ್ಲಿ."

ಆಮೇಲೆ ನನ್ನ ಕುರ್ಚಿಯ ಹತ್ತಿರ ಬಗ್ಗಿ ದನಿ ತಗ್ಗಿಸಿದಳು. "ಆಫ್ಟರ್‌ನಾಗೆ ಕತ್ತು ಕ್ಲೀನ್ ಮಾಡ್ಕೋ. ತೋಳಿನ ಕೆಳಗೆ ಜೋತಾಡ್ತೈತಲ್ಲ, ಅದನ್ನೂ ಒಳಗೆ ತಳ್ಳು. ಬಿಫೋರ್‌ನಾಗೆ ಕತ್ತು ಇನ್ನೊಂಚೂರು ಕಪ್ಪು ಮಾಡು."

"ಇರೋದು ಸಾಲ್ದಾ ಮೇಡಂ?"

"ರೋಡಿನಾಗೆ ಹೋಗೋರಿಗೆ ಕಾಣ್ಬೇಕಲ್ಲೇ."

ಅವಳು ಹೋದ ಮೇಲೆ ಜಂಪಣ್ಣ ನಕ್ಕ. "ಊರಿಗೆಲ್ಲ ಮಾಡ್ತೀಯ ಕಣಮ್ಮ, ನಿನಗೆ ನೀನು ಮಾಡ್ಕೊಳ್ಳಾಕೆ ಏನು ರೋಗ?"

ಕೆಲಸಕ್ಕೆ ಕೂತೆ.

ನನ್ನ ಕತ್ತನ್ನು ಮೊದಲ ಸಲ ದೊಡ್ಡದು ಮಾಡಿ ನೋಡಿದೆ. ಕನ್ನಡಿಯಲ್ಲಿ ನೋಡುವಾಗ ಕಣ್ಣು ತಾನಾಗಿ ಆಚೆ ಸರಿಯುತ್ತದೆ. ಪರದೆಯ ಮೇಲೆ ಸರಿಯಲು ಆಗುವುದಿಲ್ಲ, ಅದು ಕೆಲಸ. ಅಂಚಿನಲ್ಲಿ ಕಂದು, ನಡುವೆ ಸೀದ ರೊಟ್ಟಿಯ ಬಣ್ಣ, ಅಡ್ಡಡ್ಡ ಗೆರೆ. ಬೇರೆಯವರ ಕತ್ತಾಗಿದ್ದರೆ ನಾಲ್ಕು ನಿಮಿಷದ ಕೆಲಸ ಎಂದುಕೊಂಡೆ. ನನ್ನದೂ ನಾಲ್ಕೇ ನಿಮಿಷ ಹಿಡಿಯಿತು. ತೋಳನ್ನು ಒಳಗೆ ತಳ್ಳಿದೆ. ಹೊಟ್ಟೆಯನ್ನು ಯಾರೂ ಹೇಳದೆ ನಾನೇ ತಳ್ಳಿದೆ.

ಅಲ್ಲಿ ಒಬ್ಬಳು ನಿಂತಿದ್ದಳು. ಚೆನ್ನಾಗಿದ್ದಳು. ಸುಳ್ಳೇಕೆ, ಎಷ್ಟೋ ಹೊತ್ತು ಅವಳನ್ನೇ ನೋಡುತ್ತ ಕೂತೆ. ಹನ್ನೊಂದು ತಿಂಗಳು ಅನ್ನ ಬಿಟ್ಟು, ಅಮ್ಮ ಕಳಿಸಿದ ಶೇಂಗಾ ಉಂಡೆಯನ್ನು ಪಕ್ಕದ ಮನೆಗೆ ಕೊಟ್ಟು, ರಾತ್ರಿ ಹಸಿವಿಗೆ ನೀರು ಕುಡಿದು ನಾನು ಹುಡುಕಿದ್ದು ಇವಳನ್ನೇ. ಇವಳು ಈ ಮೌಸಿನೊಳಗೆ ಇದ್ದಳು. ನನ್ನ ಹಸಿವಿನಿಂದ ಇವಳಿಗೆ ಏನೂ ಆಗಬೇಕಿರಲಿಲ್ಲ.

ಆಗ ಇನ್ನೊಂದು ಹೊಳೆಯಿತು. ಇವಳು ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ, ಜಗಳೂರಿನಲ್ಲಿ ನೇತಾಡಿದ ಮೇಲೆ ಅದೇ ರಸ್ತೆಯಲ್ಲಿ ನಾನು ನಡೆದರೆ ಜನ ಮೇಲೆ ನೋಡುತ್ತಾರೆ, ಕೆಳಗೆ ನೋಡುತ್ತಾರೆ. ನಾನೇ ಬಿಫೋರ್ ಆಗುತ್ತೇನೆ. ಇಪ್ಪತ್ಮೂರು ಕೆಜಿ ಇಳಿದ ಮೇಲೂ, ಸಾಯುವವರೆಗೂ, ಬಿಫೋರ್.

ಮಾಡಿದ್ದನ್ನೆಲ್ಲ ಒಂದೊಂದೇ ಹಿಂದಕ್ಕೆ ತೆಗೆದೆ. ಹೊಟ್ಟೆ ಬಂತು, ತೋಳು ಬಂತು, ಕತ್ತು ಬಂತು. ಬಿಫೋರ್ ಫೋಟೋವನ್ನು ಮುಟ್ಟಲಿಲ್ಲ. ನಡುವೆ ದಪ್ಪ ಅಕ್ಷರದಲ್ಲಿ 23 ಕೆಜಿ ಎಂದು ಹಾಕಿದೆ, ಅದಂತೂ ನಿಜ. ಪ್ರೂಫನ್ನು ಮೇಡಂಗೆ ಕಳಿಸಿದೆ. ಗಿರಾಕಿ ಪ್ರೂಫ್ ನೋಡಿ ಓಕೆ ಎಂದ ಮೇಲೆ ತಪ್ಪಿಗೆ ಅಂಗಡಿ ಹೊಣೆಯಲ್ಲ ಎಂದು ನಮ್ಮ ಗೋಡೆಯ ಮೇಲೆ ಬರೆದಿದೆ. ಯಾರೂ ಸರಿಯಾಗಿ ನೋಡುವುದಿಲ್ಲ. ಹತ್ತು ಅಡಿಯ ಫ್ಲೆಕ್ಸನ್ನು ಬೆರಳುದ್ದದ ಚಿತ್ರದಲ್ಲಿ ನೋಡಿ ಹೆಬ್ಬೆರಳು ಎತ್ತುತ್ತಾರೆ. ಎರಡೇ ನಿಮಿಷಕ್ಕೆ ಮೇಡಂನ ಹೆಬ್ಬೆರಳು ಬಂತು. ಜೊತೆಗೆ "ಸೂಪರ್ ಕಣೇ" ಎಂದು ಬೇರೆ.

ಪ್ರಿಂಟಿಗೆ ಹಾಕುವಾಗ ಜಂಪಣ್ಣ ಮಿಷನ್ನಿನ ಮೇಲೆ ಬಗ್ಗಿದ. "ಇದೇನಮ್ಮ, ಕ್ಲೀನೇ ಮಾಡಿಲ್ಲ?"

"ಮೇಡಂ ಓಕೆ ಅಂದವ್ರೆ. ನೋಡ್ರಿ." ಮೊಬೈಲ್ ತೋರಿಸಿದೆ.

ಅವನು ಮೆಸೇಜ್ ನೋಡಿದ, ನನ್ನನ್ನು ನೋಡಿದ. "ನಿಮ್ಮಿಬ್ರ ಮಧ್ಯ ನನ್ನ ಅಂಗಡಿ ತರಬ್ಯಾಡ" ಎಂದು ಸ್ವಿಚ್ ಒತ್ತಿದ. ಬುಧವಾರ ಸಂಜೆ ತಾನೇ ಹೋಗಿ ಹೊನ್ನಾಳಿಯಲ್ಲಿ ಕಟ್ಟಿ ಬಂದ.

ಗುರುವಾರ ಬೆಳಿಗ್ಗೆ ಮೇಡಂನ ಕಾರಿನಲ್ಲಿ ಹೊರಟೆವು. ಅಲ್ಲಿ ನಾನು ಮೈಕ್ ಹಿಡಿದು ಅನುಭವ ಹೇಳಬೇಕಿತ್ತು. ನಾನು ಹೋದದ್ದು ಅವಳ ಮುಖ ನೋಡಲು. ದಾರಿಯಲ್ಲಿ ಅವಳು ಹಿಂದಿನ ಸೀಟಿಗೆ ಒಂದು ಗುಲಾಬಿ ದುಪಟ್ಟಾ ಎಸೆದಳು. "ಕತ್ತಿಗೆ ಸುತ್ಕೋ. ಫ್ಲೆಕ್ಸಿಗೂ ನಿನಗೂ ಮ್ಯಾಚ್ ಆಗ್ಬೇಕಲ್ಲ."

ಸುತ್ತಿಕೊಂಡೆ.

ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಹೊಸ ಬ್ರಾಂಚ್. ಎದುರಿಗೆ ಫ್ಲೆಕ್ಸ್. ಮೊಬೈಲಿನಲ್ಲಿ ಅಕ್ಕಿಕಾಳಿನಷ್ಟಿದ್ದ ನನ್ನ ಕತ್ತು ಇಲ್ಲಿ ಮೊರದಷ್ಟಿತ್ತು. ಬಿಸಿಲು ನೇರವಾಗಿ ಅದರ ಮೇಲೇ ಬಿದ್ದಿತ್ತು. ಮೇಡಂ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಳು. ಅವಳ ಮುಖ ನಾನು ಬಯಸಿದ ಹಾಗೆಯೇ ಆಯಿತು, ಆದರೆ ಅದನ್ನು ಅನುಭವಿಸಲು ಆಗಲಿಲ್ಲ. ಕೆಳಗೆ ಇಬ್ಬರು ಟೀ ಕುಡಿಯುತ್ತ ತಲೆಯೆತ್ತಿ ಫ್ಲೆಕ್ಸಿನ ನನ್ನನ್ನು ನೋಡುತ್ತಿದ್ದರು. ಮೇಲೆ ಹತ್ತಿ ಅದನ್ನು ಹರಿದುಹಾಕಲೇ ಅನ್ನಿಸಿತು.

"ಏನೇ ಇದು?" ಮೇಡಂ ಹಲ್ಲು ಕಚ್ಚಿ ಕೇಳಿದಳು.

"ನೀವೇ ಓಕೆ ಅಂದ್ರಿ."

"ಗಾಡಿ ಓಡಿಸ್ತಿದ್ದೆ ಕಣೇ ಮುಂಡೇದೇ! ಮೊಬೈಲಾಗೆ ಏನು ಕಾಣ್ತೈತೆ?" ಸುತ್ತ ನೋಡಿ, ಯಾರೋ ನೋಡುತ್ತಿದ್ದಾರೆಂದು ನಕ್ಕಳು. ನಗುತ್ತಲೇ ನನ್ನ ತೋಳಿನ ಸಡಿಲ ಚರ್ಮವನ್ನು ಹಿಂಡಿದಳು. "ಯಾರಾದ್ರೂ ಕೇಳಿದ್ರೆ ಪ್ರಿಂಟಿಂಗ್ ಮಿಸ್ಟೇಕ್ ಅನ್ಬೇಕು. ದುಪಟ್ಟಾ ತೆಗೆದ್ಯೋ, ನೋಡ್ಕೋ."

ಮೇಲೆ ಮೂವತ್ತು ನಲವತ್ತು ಹೆಂಗಸರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಎರಡು ಫ್ಯಾನು, ಎರಡೂ ವೇದಿಕೆಗೆ ತಿರುಗಿಲ್ಲ. ಮೇಡಂ "ದೇಹವೇ ದೇವಾಲಯ" ಎಂದು ಶುರು ಮಾಡಿದಳು. ಎರಡು ನಿಮಿಷವೂ ಆಗಿರಲಿಲ್ಲ, ಮುಂದಿನ ಸಾಲಿನ ಒಬ್ಬ ಮುದುಕಿ ಕೈ ಎತ್ತದೆಯೇ ಮಾತಾಡಿದಳು. ಅಜ್ಜಮ್ಮ ಎಂದು ಬಾಗಿಲಲ್ಲೇ ಎಲ್ಲರಿಗೂ ಪರಿಚಯ ಹೇಳಿಕೊಂಡು ಬಂದವಳು. ಸೊಸೆಯನ್ನು ಸೇರಿಸಲು ಕರೆತಂದಿದ್ದಳು. ಸೊಸೆ ಸಂಧ್ಯಾರಾಣಿ ಪಕ್ಕದಲ್ಲಿ ಸೆರಗನ್ನು ಎರಡೂ ಭುಜದ ಮೇಲೆ ಎಳೆದುಕೊಂಡು ನೆಲ ನೋಡುತ್ತಿದ್ದಳು.

"ಅಲ್ರೀ ಮೇಡಮ್ಮೋರೇ, ಕೆಳಗೆ ಹಾಕೀರಲ್ಲ ಫೋಟ, ಆ ಹುಡ್ಗಿ ಸಣ್ಣಗಾದ ಮ್ಯಾಲೂ ಕತ್ತು ಹಂಗೇ ಕರಿ ಐತಲ್ಲ? ನಮ್ಮ ಸೊಸೇದೂ ಹಿಂಗೇ ಐತೆ. ಹೋಗ್ತೈತೋ ಇಲ್ಲೋ, ಅದನ್ನ ಮೊದ್ಲು ಹೇಳ್ರಿ."

ಸಂಧ್ಯಾರಾಣಿ ಇನ್ನಷ್ಟು ತಗ್ಗಿದಳು.

"ಅಯ್ಯೋ ಅಜ್ಜಿ, ಅದು ಪ್ರಿಂಟಿಂಗ್ ಮಿಸ್ಟೇಕು! ಪೂರ್ತಿ ಹೋಗೈತೆ. ಇಲ್ಲೇ ಅದಾಳೆ ನೋಡ್ರಿ. ನಾಗರತ್ನ, ಹೇಳಮ್ಮ." ಮೈಕನ್ನು ನನ್ನ ಕೈಗೆ ತುರುಕಿದಳು.

ಎಲ್ಲರ ಕಣ್ಣೂ ನನ್ನ ದುಪಟ್ಟಾದ ಮೇಲೆ. ಅದರೊಳಗೆ ಬೆವರು ಇಳಿಯುತ್ತಿತ್ತು. ಹೇಳುವುದು ಎರಡೇ ಮಾತು. ಹೇಳಿ ಕೂತರೆ ಮನೆಗೆ ಹೋಗಬಹುದು. ಎಷ್ಟೋ ಜನರಿಗಾಗಿ ಇಂಥ ಸುಳ್ಳು ಮಾಡಿದ್ದೇನೆ, ಒಂದು ನನಗಾಗಿ ಮಾಡಿಕೊಂಡರೆ ಏನು? ಬಾಯಿ ತೆರೆದೆ. ಎದುರಿಗೆ ಸಂಧ್ಯಾರಾಣಿ ತಲೆ ಎತ್ತಿ ನನ್ನನ್ನು ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಆಸೆಯಿತ್ತು. ಅವಳ ಮೇಲೆ ಕನಿಕರ ಬರಲಿಲ್ಲ ನನಗೆ, ಸಿಟ್ಟು ಬಂತು. ಹನ್ನೊಂದು ತಿಂಗಳ ಹಿಂದೆ ನಾನು ಹೀಗೇ, ಇದೇ ಮುಖ ಮಾಡಿಕೊಂಡು ಕೂತಿದ್ದೆ.

"ಮಿಸ್ಟೇಕ್ ಅಲ್ಲ" ಎಂದೆ. ಮೈಕ್ ಕಿರುಗುಟ್ಟಿತು. ದುಪಟ್ಟಾ ಬಿಚ್ಚಿದೆ. "ಇಪ್ಪತ್ಮೂರು ಕೆಜಿ ಇಳಿದೀನಿ, ಅದು ನಿಜ. ಕತ್ತು ಹಿಂಗೇ ಐತೆ. ಫ್ಲೆಕ್ಸ್ ಮಾಡಿದೋಳೂ ನಾನೇ."

ಮೇಡಂ ಮೈಕಿನ ವೈರನ್ನೇ ಕಿತ್ತಳು. ತಡವಾಗಿತ್ತು. ಹಾಲ್ ಗುಜುಗುಜು ಎನ್ನತೊಡಗಿತು.

"ಹಂಗಾರೆ ಕತ್ತಿಗೆ ಬೇರೆ ಪುಡಿ ಐತೇನ್ರೀ ಮೇಡಂ?" ಹಿಂದಿನ ಸಾಲಿನಿಂದ ಒಬ್ಬಳು ಕೂಗಿದಳು. ನಗು ಎದ್ದಿತು.

"ಪುಡಿ ಎಲ್ಲಿ, ಸೋಪು ಕೊಡ್ರಿ ಪಾಪ!"

ಮತ್ತೂ ದೊಡ್ಡ ನಗು. ಅವರಲ್ಲಿ ಅರ್ಧ ಜನ ಸೆರಗು ಸರಿಮಾಡಿಕೊಳ್ಳುತ್ತಲೇ ನಕ್ಕರು. ಸಂಧ್ಯಾರಾಣಿ ನಗಲಿಲ್ಲ. ನನ್ನನ್ನು ನೋಡುವುದನ್ನೂ ನಿಲ್ಲಿಸಿ, ಎದ್ದು ಮೆಟ್ಟಿಲ ಕಡೆ ನಡೆದಳು. ನಾನು ಅವಳಿಂದ ಏನನ್ನೋ ಕಿತ್ತುಕೊಂಡ ಹಾಗೆ ಒಮ್ಮೆ ತಿರುಗಿ ದುರುಗುಟ್ಟಿದಳು.

ಅಜ್ಜಮ್ಮ ಸೊಸೆಯ ಹಿಂದೆ ಹೋಗಲಿಲ್ಲ. ನೇರ ವೇದಿಕೆ ಹತ್ತಿದಳು. ಮೇಜಿನ ಮೇಲಿದ್ದ ಲೋಟದ ನೀರಿನಲ್ಲಿ ಹೆಬ್ಬೆರಳು ಅದ್ದಿ, ಎಡಗೈಯಿಂದ ನನ್ನ ಭುಜ ಒತ್ತಿ ಹಿಡಿದು, ಪಾತ್ರೆಯ ತಳ ಉಜ್ಜುವ ಹಾಗೆ ನನ್ನ ಕತ್ತು ಉಜ್ಜಿದಳು. ಒಮ್ಮೆ, ಎರಡು ಸಲ, ಮೂರು ಸಲ. ಉರಿಯಿತು. ನಾನು ಅಲ್ಲಾಡಲಿಲ್ಲ. ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ಮೇಡಂ ಕೂಡ ವೈರ್ ಹಿಡಿದುಕೊಂಡು ನೋಡುತ್ತ ನಿಂತಿದ್ದಳು. ಮುದುಕಿ ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ ನೋಡಿದಳು.

"ಬಂತಾ ಅಜ್ಜಿ?" ಎಂದೆ.

"ಇಲ್ವಲ್ಲೇ" ಎಂದಳು. ಅವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಮತ್ತೆ ಬೆರಳನ್ನು ಲೋಟಕ್ಕೆ ಅದ್ದಿ ನನ್ನ ಕತ್ತಿನ ಕಡೆ ತಂದಳು.

ಅವಳ ಮಣಿಕಟ್ಟು ಹಿಡಿದೆ. ಸಣ್ಣ ಮೂಳೆ. ಬೇಕಿದ್ದಕ್ಕಿಂತ ಜೋರಾಗಿಯೇ ಹಿಡಿದೆ.

"ಕೈ ತಗೀರಿ" ಎಂದೆ.