ಬಿದ್ದವರೆಲ್ಲ ಎದ್ದರು, ಲೊರೇನ್ ಏಳಲಿಲ್ಲ

ಹರೆಯದ ಮಕ್ಕಳಿಗೆ ಬುದ್ಧಿ ಹೇಳಿದರೆ ನಗುತ್ತಾರೆ ಎಂಬ ಗೋಳು ನಿಮ್ಮ ಮನೆಯಲ್ಲೂ ಇದೆಯೇ? ೧೯೭೪ರಲ್ಲಿ, ಒಹಾಯೋದ ಒಂದು ಕಾಲೇಜು ಊರಿನ ವರ್ನಾಳ ಮನೆಯಲ್ಲೂ ಇತ್ತು.

ವರ್ನಾ ಚಿತ್ರಮಂದಿರದಲ್ಲಿ ಪಾಪ್‌ಕಾರ್ನ್ ಮಾರುತ್ತಿದ್ದಳು. ಶನಿವಾರ ಮಧ್ಯಾಹ್ನ ಅಲ್ಲಿ ಮೂವತ್ತೈದು ವರ್ಷ ಹಳೆಯ ಗಾಂಜಾ ವಿರೋಧಿ ಚಿತ್ರ ಹಾಕುತ್ತಿದ್ದರು. ಅದರಲ್ಲಿ ಒಂದೇ ಒಂದು ದಮ್ಮು ಎಳೆದ ಹುಡುಗ ಹುಚ್ಚು ಹಿಡಿದು, ಕೊಲೆ ಮಾಡಿ, ಕೊನೆಗೆ ದೊಪ್ಪೆಂದು ಬೀಳುತ್ತಾನೆ. ಚಿಕ್ಕಂದಿನಲ್ಲಿ ಚರ್ಚಿನ ಹಾಲ್‌ನಲ್ಲಿ ಅದನ್ನು ನೋಡಿದ ವರ್ನಾ ಹೆದರಿ ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಈಗಿನ ಹುಡುಗರಿಗೆ ಅದೇ ಚಿತ್ರ ನಗೆಯ ಹಬ್ಬ. ಮಾತುಗಳೆಲ್ಲ ಬಾಯಿಪಾಠ. ಪರದೆಯ ಮೇಲೆ ಹುಡುಗ ಬಿದ್ದೊಡನೆ ಇಡೀ ಮಂದಿರ ಕುರ್ಚಿಯಿಂದ ಜಾರಿ ನೆಲಕ್ಕೆ ಬೀಳಬೇಕು, ದೀಪ ಹತ್ತಿದಾಗ ಹೋ ಎಂದು ಏಳಬೇಕು. ಅದು ಅಲ್ಲಿನ ಪದ್ಧತಿ.

ಆ ಶನಿವಾರವೂ ದೀಪ ಹತ್ತಿತು. ಎಲ್ಲರೂ ಎದ್ದರು. ವರ್ನಾಳ ಮಗಳು, ಹತ್ತೊಂಬತ್ತರ ಲೊರೇನ್ ಏಳಲಿಲ್ಲ.

"ಸಾಕು ಏಳಮ್ಮಾ ತಾಯಿ, ಬಹುಮಾನ ನಿಂಗೇ!" ಎಂದು ಗೆಳತಿಯರು ಚಪ್ಪಾಳೆ ತಟ್ಟಿದರು. ಕಸ ಗುಡಿಸಲು ಬಂದ ವರ್ನಾಳೂ ನಕ್ಕಳು. ಆಮೇಲೆ ಮಗಳ ತುಟಿ ನೋಡಿದಳು. ನೀಲಿಗಟ್ಟಿತ್ತು.

"ಡ್ವೈಟ್, ಏನೋ ತಗೊಂಡಿದ್ಲು ಇವಳು?"

"ಏನಿಲ್ಲ ಆಂಟಿ. ಮಲಗ್ಲಿ ಬಿಡಿ, ಸರಿಹೋಗ್ತಾಳೆ," ಎಂದ ಲೊರೇನಳ ಗೆಳೆಯ ಡ್ವೈಟ್. "ಆಸ್ಪತ್ರೆಗೆ ಫೋನ್ ಮಾಡಿದ್ರೆ ಪೊಲೀಸ್ರೂ ಬರ್ತಾರೆ. ಕಾಲೇಜಿಂದ ಓಡಿಸ್ತಾರೆ."

ವರ್ನಾಳಿಗೂ ಅದೇ ಭಯ. ಬಿಸಿ ಕಾಫಿ ತಂದು ಮಗಳ ಬಾಯಿಗೆ ಹಿಡಿದಳು.

"ಏಯ್, ಹಾಕ್ಬೇಡ!" ಚಿತ್ರ ನೋಡಲು ಬಂದಿದ್ದ ಪಕ್ಕದ ಮನೆಯ ನರ್ಸ್ ಹೇಜಲ್ ಸಾಲು ದಾಟಿ ಓಡಿಬಂದಳು. "ಎಚ್ಚರ ಇಲ್ದೋರಿಗೆ ಕುಡಿಸಿದ್ರೆ ಉಸಿರು ಕಟ್ಟತ್ತೆ. ಮಗ್ಗುಲಿಗೆ ಹೊರಳಿಸು. ಹೋಗು, ಫೋನ್ ಮಾಡು!"

"ಪೊಲೀಸ್ರು ಬಂದ್ರೆ ಮಾನ..."

"ಮಾನ ಆಮೇಲೆ ನೋಡ್ಕೊಳ್ಳೋಣ ಕಣೇ. ನಿಂಗೆ ಮಗಳು ಬೇಕೋ ಬೇಡ್ವೋ?"

ವರ್ನಾ ಫೋನ್ ಇದ್ದ ಟಿಕೆಟ್ ಕೌಂಟರಿಗೆ ಓಡಿದಳು. ಹೇಜಲ್ ಡ್ವೈಟ್‌ನತ್ತ ತಿರುಗಿದಳು. "ನಿನ್ನ ಬಯ್ಯೋಕೆ ನಂಗೆ ಪುರಸೊತ್ತಿಲ್ಲ. ಏನು ನುಂಗಿದ್ಲು ಹೇಳು, ಡಾಕ್ಟ್ರಿಗೆ ಅದು ಗೊತ್ತಾಗ್ಬೇಕು."

ಡ್ವೈಟ್ ಅಳುತ್ತ ಜೇಬಿನಿಂದ ಸೀಸೆ ತೆಗೆದ. "ನಿದ್ದೆ ಮಾತ್ರೆ. ಬಿಯರ್ ಜೊತೆ. ಆರೋ ಏಳೋ."

ಲೊರೇನ್ ಕಣ್ಣು ಬಿಟ್ಟಿದ್ದು ಮರುದಿನ, ಆಸ್ಪತ್ರೆಯಲ್ಲಿ. ತಡೆದುಕೊಂಡಿದ್ದ ವರ್ನಾಳ ಸಿಟ್ಟು ಆಗ ಒಡೆಯಿತು. "ಮಾತ್ರೆ ಮೇಲೆ ಕುಡೀಬೇಡ, ಜೀವ ಹೋಗತ್ತೆ ಅಂತ ನಾನು ಹೇಳಿರ್ಲಿಲ್ವೇನೇ?"

"ಹೇಳಿದ್ದೆ ಅಮ್ಮಾ. ಒಂದು ದಮ್ಮು ಎಳೆದ್ರೆ ಹುಚ್ಚು ಹಿಡಿಯತ್ತೆ ಅಂತಾನೂ ಹೇಳಿದ್ದೆ. ಎಳೆದೆ, ಹಿಡೀಲಿಲ್ಲ. ಇದೂ ಅಂಥದ್ದೇ ಸುಳ್ಳು ಅಂದ್ಕೊಂಡೆ."

"ಗಾಂಜಾನೂ ಒಳ್ಳೇದಲ್ಲ ಪುಟ್ಟಿ," ಎಂದಳು ಮಂಚದ ಪಕ್ಕ ನಿಂತಿದ್ದ ಹೇಜಲ್. "ಆದ್ರೆ ಯಾವುದು ಎಷ್ಟು ಕೆಟ್ಟದ್ದು ಅಂತ ನಾವು ನೆಟ್ಟಗೆ ಹೇಳ್ಬೇಕಿತ್ತು."

"ಇನ್ಮೇಲೆ ಗೊತ್ತಿದ್ದಷ್ಟೇ ಹೇಳ್ತೀನಿ," ಎಂದು ವರ್ನಾ ಮಗಳ ಕೈ ಹಿಡಿದುಕೊಂಡಳು. "ಗೊತ್ತಿಲ್ದಿದ್ರೆ ಇಬ್ರೂ ಹೋಗಿ ಕೇಳೋಣ."

ಕೇಳಿದಿರಲ್ಲ ಅಕ್ಕ, ಅಣ್ಣ, ಮಕ್ಕಳನ್ನು ಹೆದರಿಸಲು ಸುಳ್ಳು ಹೇಳಬೇಡಿ, ನಾಳೆ ನಿಮ್ಮ ನಿಜವನ್ನೂ ಅವರು ನಂಬುವುದಿಲ್ಲ. ಯಾರಾದರೂ ಎಚ್ಚರ ತಪ್ಪಿದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಕೂಡಲೇ ೧೦೮ಕ್ಕೆ ಕರೆ ಮಾಡಿ. ಏನು ತೆಗೆದುಕೊಂಡಿದ್ದರೆಂದು ವೈದ್ಯರಿಂದ ಮುಚ್ಚಿಡಬೇಡಿ. ಆ ಚಿತ್ರಮಂದಿರದಲ್ಲಿ ಇಂದೂ ಎಲ್ಲರೂ ಬೀಳುತ್ತಾರೆ, ನಗುತ್ತಾರೆ. ಆದರೆ ದೀಪ ಹತ್ತಿದ ಕೂಡಲೇ ಪ್ರತಿಯೊಬ್ಬರೂ ಪಕ್ಕದವರು ಎದ್ದರೇ ಎಂದು ನೋಡುತ್ತಾರೆ. ನೀವೂ ನೋಡಿ.